ಗಾದರಿ, ಗಂದೆ ಮತ್ತು 'ಹುಳ ಮುಟ್ಟುವುದು': ಆಳಂದ, ಅಫಜಲಪುರ, ಜೇವರ್ಗಿ ಪರಿಸರದಲ್ಲಿ ಮನೆಹುಳುಗಳ ಕಡಿತ ಮತ್ತು ಜನಪದ ತಿಳಿವಳಿಕೆ

ಪ್ರಸ್ತಾವನೆ

ಜನಪದ ವೈದ್ಯವನ್ನು ಕುರಿತ ಅಧ್ಯಯನಗಳು ಕನ್ನಡದಲ್ಲಿ ಗಣನೀಯ ಪ್ರಮಾಣದಲ್ಲಿ ನಡೆದಿವೆ. ಗಿಡಮೂಲಿಕೆಗಳು, ಬಾಣಂತಿಯ ಆರೈಕೆ, ಎಲುಬು ಕೂಡಿಸುವ ವಿದ್ಯೆ, ಹಾವು ಚೇಳುಗಳ ವಿಷಕ್ಕೆ ಮದ್ದು ಮುಂತಾದ ವಿಷಯಗಳಲ್ಲಿ ಸಾಕಷ್ಟು ಸಾಮಗ್ರಿ ಸಂಗ್ರಹವಾಗಿದೆ. ಆದರೆ ಮನೆಯೊಳಗೇ ನೆಲೆಸಿ, ಪ್ರತಿರಾತ್ರಿ ಮನುಷ್ಯನನ್ನು ಕಡಿಯುವ ತಗಣಿ, ಚಿಗಟ, ಕೂರೆ, ಗುಂಗಾಡುಗಳಂತಹ ಸಣ್ಣ ಜೀವಿಗಳು, ಅವು ಮೈಮೇಲೆ ಎಬ್ಬಿಸುವ ದದ್ದುಗಳು ಸಂಶೋಧಕರ ಗಮನವನ್ನು ಹೆಚ್ಚಾಗಿ ಸೆಳೆದಿಲ್ಲ. ಇವು ಕ್ಷುಲ್ಲಕ ಎಂಬ ಭಾವನೆ ಇದಕ್ಕೆ ಒಂದು ಕಾರಣ. ಇವುಗಳ ಬಗ್ಗೆ ಮಾತನಾಡುವುದು ಮನೆತನಕ್ಕೆ ಅವಮಾನ ಎಂಬ ಸಂಕೋಚ ಇನ್ನೊಂದು ಕಾರಣ. ಈ ಸಂಕೋಚವೂ ಚರಿತ್ರೆಯ ಒಂದು ಭಾಗವೇ ಆಗಿದೆ.

ಪ್ರಸ್ತುತ ಲೇಖನವು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ಪರಿಸರವನ್ನು ಮುಖ್ಯ ನೆಲೆಯಾಗಿಟ್ಟುಕೊಂಡಿದೆ. 1948ರ ಸೆಪ್ಟೆಂಬರ್‌ವರೆಗೆ ಈ ಪ್ರದೇಶವು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯವನ್ನು ಸೇರಿತು. 2019ರಿಂದ ಈ ಭಾಗವನ್ನು ಕಲ್ಯಾಣ ಕರ್ನಾಟಕವೆಂದು ಕರೆಯಲಾಗುತ್ತಿದೆ. ಜೇವರ್ಗಿಯ ಒಂದು ಭಾಗ ಈಗ ಯಡ್ರಾಮಿ ತಾಲೂಕಾಗಿದೆ. ಆಳಂದವು ಮಹಾರಾಷ್ಟ್ರದ ಗಡಿಗೆ ತಾಗಿದೆ. ಅಫಜಲಪುರ ಮತ್ತು ಜೇವರ್ಗಿಗಳ ಜನಜೀವನ ಭೀಮಾ ನದಿಯನ್ನು ಅವಲಂಬಿಸಿದೆ. ಕನ್ನಡ, ಮರಾಠಿ, ದಖನಿ ಉರ್ದು ಭಾಷೆಗಳು ಒಂದೇ ಸಂತೆಯಲ್ಲಿ ಕೇಳಿಬರುವ ನೆಲ ಇದು. ರೋಗದ ಹೆಸರುಗಳ ಅಧ್ಯಯನಕ್ಕೆ ಈ ಬಹುಭಾಷಿಕತೆಯು ವಿಶೇಷವಾಗಿ ಉಪಯುಕ್ತವಾಗಿದೆ.

ಹೆಸರುಗಳು ಹೇಳುವ ತಿಳಿವಳಿಕೆ

ಗ್ರಂಥಭಾಷೆಯ 'ತಿಗಣೆ'ಯನ್ನು ಈ ಭಾಗದಲ್ಲಿ 'ತಗಣಿ' ಎನ್ನುತ್ತಾರೆ. ಮರಾಠಿಯವರು ಅದನ್ನೇ 'ಢೇಕೂಣ' ಎಂದೂ ದಖನಿಯವರು 'ಖಟಮಲ್' ಎಂದೂ ಕರೆಯುತ್ತಾರೆ. ಸೊಳ್ಳೆ 'ಗುಂಗಾಡು' ಆಗಿದೆ. ಅದರ ಸದ್ದೇ ಅದಕ್ಕೆ ಹೆಸರಾಗಿದೆ. ತಲೆಯ ಹೇನನ್ನೂ ಬಟ್ಟೆಯ ಹೊಲಿಗೆಯಲ್ಲಿ ಅಡಗುವ ಕೂರೆಯನ್ನೂ ಜನಪದರು ಬೇರೆ ಬೇರೆಯಾಗಿಯೇ ಗುರುತಿಸಿದ್ದಾರೆ. ಹೇನಿನ ತತ್ತಿಗೆ 'ಸೀರು' ಎಂಬ ಪ್ರತ್ಯೇಕ ಪದವಿದೆ. ಈ ವಿಂಗಡಣೆ ಕೀಟಶಾಸ್ತ್ರದ ವಿಂಗಡಣೆಗೆ ಹತ್ತಿರವಾಗಿದೆ.

ಕಡಿತದಿಂದ ಚರ್ಮದ ಮೇಲೆ ಏಳುವ ಗುರುತುಗಳಿಗೂ ಹೀಗೆಯೇ ಹೆಸರುಗಳಿವೆ. ಕಡಿದ ಜಾಗದಲ್ಲಿ ಉಬ್ಬುವ ದಪ್ಪ ದದ್ದು 'ಗಾದರಿ'. ಮೈತುಂಬ ಹರಡಿ, ಏಳುತ್ತ ಇಳಿಯುತ್ತ ಇರುವುದು 'ಗಂದೆ'. ನೀರು ತುಂಬಿದರೆ 'ಬೊಕ್ಕೆ'. ಬೆರಳಸಂದಿಯಲ್ಲಿ ಹುಟ್ಟಿ ಮನೆಮಂದಿಗೆಲ್ಲ ಅಂಟುವುದು 'ತುರಿ' ಅಥವಾ 'ಕಜ್ಜಿ'. ಗಂದೆಗೆ ಮರಾಠಿಯಲ್ಲಿ 'ಗಾಂಧಿ' ಎಂಬ ಪದವಿದೆ; 'ಪಿತ್ತ ಏಳುವುದು' ಎಂಬ ಮಾತೂ ಇದೆ. ಉರ್ದುವಿನಲ್ಲಿ 'ಪಿತ್ತಿ ಉಛಲ್ನಾ' ಎನ್ನುತ್ತಾರೆ. ಕನ್ನಡದಲ್ಲಿಯೂ 'ಪಿತ್ತದ ಗಂದೆ' ಎಂಬುದು ಪ್ರಚಲಿತ. ಭಾಷೆ ಮೂರಾದರೂ ದೇಹವನ್ನು ಕುರಿತ ಕಲ್ಪನೆ ಒಂದೇ: ದದ್ದು ಏಳಲು ಹೊರಗಿನ ಹುಳ ಮಾತ್ರ ಕಾರಣವಲ್ಲ, ಒಳಗಿನ ಪಿತ್ತವೂ ಕಾರಣ.

ಈ ಕಲ್ಪನೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಒಂದೇ ಕೌದಿಯ ಮೇಲೆ ಮಲಗಿದ ನಾಲ್ವರಲ್ಲಿ ಒಂದು ಮಗುವಿಗೆ ಮಾತ್ರ ಗಾದರಿ ಎದ್ದು, ಉಳಿದವರ ಮೈ ಸ್ವಚ್ಛವಾಗಿರುವುದನ್ನು ಜನ ಕಂಡಿದ್ದರು. ಹುಳ ಎಲ್ಲರನ್ನೂ ಕಡಿದಿದ್ದರೆ ಒಬ್ಬರಿಗೇ ಏಕೆ ಎಂಬ ಪ್ರಶ್ನೆಗೆ 'ಪಿತ್ತದ ಮೈ' ಎಂಬುದು ಅವರ ಉತ್ತರವಾಗಿತ್ತು. ಇಂದಿನ ವೈದ್ಯಶಾಸ್ತ್ರವೂ ಈ ಪ್ರಶ್ನೆಗೆ ಉತ್ತರವನ್ನು ಕಡಿಸಿಕೊಂಡವರ ದೇಹದಲ್ಲಿಯೇ ಹುಡುಕುತ್ತದೆ. ತಗಣಿ ರಕ್ತ ಹೀರುವಾಗ ಬಿಡುವ ಜೊಲ್ಲಿನಲ್ಲಿರುವ ಪ್ರೋಟೀನುಗಳಿಗೆ ದೇಹದ ರಕ್ಷಣಾ ವ್ಯವಸ್ಥೆ ಪ್ರತಿಕ್ರಿಯಿಸುವುದರಿಂದ ದದ್ದು ಏಳುತ್ತದೆ. ಮೊದಲ ಸಲ ಕಡಿದಾಗ ಹಲವರಲ್ಲಿ ಏನೂ ಕಾಣುವುದಿಲ್ಲ. ಮತ್ತೆ ಮತ್ತೆ ಕಡಿದ ಮೇಲೆ ಪ್ರತಿಕ್ರಿಯೆ ಬಲಿಯುತ್ತದೆ. ಎರಡರಿಂದ ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಅದು ಹೆಚ್ಚು. ವರ್ಷಗಳು ಕಳೆದಂತೆ ತಗ್ಗುತ್ತ ಹೋಗುತ್ತದೆ. 'ಮೈಗೆ ಒಗ್ಗಿತು' ಎಂದು ಹಿರಿಯರು ಹೇಳುವ ಮಾತಿನಲ್ಲಿ ಈ ಅನುಭವವೇ ಅಡಗಿದೆ.

ಗ್ರಂಥಸ್ಥ ಪರಂಪರೆ

ಕೀಟಗಳ ಕಡಿತವನ್ನು ವಿಷವೆಂದು ಪರಿಗಣಿಸಿ ವಿಂಗಡಿಸುವ ಪದ್ಧತಿ ಭಾರತೀಯ ವೈದ್ಯದಲ್ಲಿ ಪ್ರಾಚೀನವಾದುದು. ಸುಶ್ರುತಸಂಹಿತೆಯ ಕಲ್ಪಸ್ಥಾನದ ಎಂಟನೆಯ ಅಧ್ಯಾಯವು ಕೀಟಗಳಿಗೇ ಮೀಸಲಾಗಿದೆ. ಅಲ್ಲಿ ವಾತ, ಪಿತ್ತ, ಕಫ ಮತ್ತು ಸನ್ನಿಪಾತಗಳ ಸಂಬಂಧವನ್ನು ಹಿಡಿದು ಕೀಟಗಳನ್ನು ಕ್ರಮವಾಗಿ 18, 24, 13 ಮತ್ತು 12 ಎಂದು ವರ್ಗೀಕರಿಸಲಾಗಿದೆ. ಇರುವೆ, ನೊಣ, ಸೊಳ್ಳೆ, ಜೇಡ, ಚೇಳುಗಳ ಪ್ರಭೇದಗಳನ್ನೂ ಅವುಗಳ ಕಡಿತದ ಲಕ್ಷಣಗಳನ್ನೂ ಹೇಳಲಾಗಿದೆ. ಪಿತ್ತಕ್ಕೂ ದದ್ದಿಗೂ ಜನಪದರು ಕಲ್ಪಿಸಿದ ನಂಟಿಗೆ ಗ್ರಂಥದ ಹಿನ್ನೆಲೆಯೂ ಇದೆಯೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಅಧ್ಯಯನ ಪ್ರದೇಶಕ್ಕೆ ಹತ್ತಿರದ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಮೋಘವರ್ಷ ನೃಪತುಂಗನ ಆಸ್ಥಾನದೊಡನೆ ಸಂಬಂಧವಿದ್ದ ಜೈನ ವೈದ್ಯ ಉಗ್ರಾದಿತ್ಯನು 'ಕಲ್ಯಾಣಕಾರಕ'ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದನು. ಮಾಂಸ, ಮಧು, ಮದ್ಯಗಳನ್ನು ಬಿಟ್ಟು ಚಿಕಿತ್ಸೆ ಹೇಳುವುದು ಅದರ ವೈಶಿಷ್ಟ್ಯ. ಹದಿನಾಲ್ಕನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ'ವು ಕನ್ನಡದ ಪ್ರಮುಖ ವಿಷವೈದ್ಯ ಗ್ರಂಥ. ಜಂಗಮ ವಿಷಗಳಿಗೆ ಮದ್ದು ಮತ್ತು ಮಂತ್ರ ಎರಡನ್ನೂ ಒಟ್ಟಿಗೆ ಹೇಳುವ ಅದರ ಕ್ರಮವು ಹಳ್ಳಿಗಳ ವೈದ್ಯರಲ್ಲಿ ಇತ್ತೀಚಿನವರೆಗೂ ಉಳಿದುಬಂದಿದೆ. ಸಂಸ್ಕೃತ ಪಂಚತಂತ್ರದಲ್ಲಿ ರಾಜನ ಹಾಸಿಗೆಯಲ್ಲಿ ವಾಸವಾಗಿದ್ದ ಹೇನಿನ ಕಥೆಯಿದೆ. ಶಿವನು ಹಿಮಾಲಯದಲ್ಲಿಯೂ ಹರಿಯು ಹಾಲ್ಗಡಲಲ್ಲಿಯೂ ಮಲಗಿದ್ದು ತಗಣಿಯ ಭಯದಿಂದಲೇ ಎಂದು ಹಾಸ್ಯ ಮಾಡುವ ಪ್ರಸಿದ್ಧ ಸುಭಾಷಿತವಿದೆ. ಅರಮನೆ, ದೇವಲೋಕಗಳಿಗೂ ತಗುಲಿದ್ದ ಈ ಪೀಡೆ ಮುಂದೆ ಬಡವರ ಮನೆಯ ಗುರುತೆನಿಸಿದ್ದು ಹೇಗೆಂಬುದು ವಿಚಾರಾರ್ಹ.

ಮನೆ, ಹೊರಸು, ಕೌದಿ

ಈ ಭಾಗದ ಹಳೆಯ ಮನೆಗಳು ಕಲ್ಲು ಮತ್ತು ಮಣ್ಣಿನ ದಪ್ಪ ಗೋಡೆಗಳವು. ಮೇಲೆ ಮಣ್ಣು ಹಾಸಿದ ಮಾಳಿಗೆ. ನೆಲಕ್ಕೆ ಸಗಣಿ ಸಾರಣೆ, ಅನುಕೂಲಸ್ಥರಲ್ಲಿ ಶಹಾಬಾದಿನ ಹಾಸುಗಲ್ಲು. ಬಿಸಿಲಿನಿಂದ ರಕ್ಷಿಸಿಕೊಳ್ಳಲು ಕಿಟಕಿಗಳು ಕಡಿಮೆ. ಹೀಗೆ ಬೇಸಗೆಗೆ ತಂಪಾದ ಮನೆಯೇ ಹುಳುಗಳಿಗೂ ಆಶ್ರಯವಾಯಿತು. ಗೋಡೆಯ ಬಿರುಕು, ತೊಲೆ ಜಂತಿಗಳ ಸಂದು, ಗೂಡುಗಳಲ್ಲಿ ತಗಣಿ ನೆಲೆಸಿದರೆ, ಧಾನ್ಯದ ಸಂಗ್ರಹ ಇಲಿಯನ್ನು ತಂದಿತು. ಇಲಿಯ ಜೊತೆಗೆ ಚಿಗಟ ಬಂದಿತು. ನುಲಿಯಿಂದ ಹೆಣೆದ ಹೊರಸಿನ ಗಂಟುಗಳು, ಹಳೆಯ ಸೀರೆ ಧೋತರಗಳ ತುಂಡುಗಳನ್ನು ಪದರಪದರವಾಗಿ ಹೊಲಿದ ಕೌದಿ, ಕುರುಬರು ನೇಯ್ದ ಕಂಬಳಿ ಇವೆಲ್ಲ ತಗಣಿ ಕೂರೆಗಳಿಗೆ ತತ್ತಿ ಇಡುವ ಸ್ಥಳಗಳಾದವು. ಕೌದಿಯನ್ನು ಹೆಣ್ಣುಮಕ್ಕಳ ಕಲೆಯೆಂದು ನಾವು ಗೌರವಿಸುತ್ತೇವೆ. ಅದನ್ನು ಹುಳುವಿಲ್ಲದಂತೆ ಕಾಯ್ದುಕೊಳ್ಳುವ ದುಡಿಮೆಯೂ ಅದೇ ಹೆಣ್ಣುಮಕ್ಕಳದಾಗಿತ್ತು.

ಈ ದುಡಿಮೆಗೆ ಹಬ್ಬದ ಆವರಣವಿತ್ತು. ಮಹಾನವಮಿಯ ಘಟ್ಟ ಹಾಕುವ ಮುನ್ನ ಮನೆಯ ಎಲ್ಲ ಹಾಸಿಗೆ ಹೊದಿಕೆಗಳನ್ನು ಹಳ್ಳಕ್ಕೆ ಅಥವಾ ಹೊಳೆಗೆ ಒಯ್ದು ಒಗೆದು, ಗೋಡೆಗೆ ಸುಣ್ಣ ಬಳಿದು, ಮನೆಯನ್ನು ಪೂರ್ತಿ ಸಾರಿಸುವ ಪದ್ಧತಿ ಉತ್ತರ ಕರ್ನಾಟಕದಲ್ಲೆಲ್ಲ ಇದೆ. ಮಳೆಗಾಲದ ತೇವ ಮುಗಿದು, ಹಳ್ಳದಲ್ಲಿ ನೀರು ಇನ್ನೂ ಹರಿಯುವ ಕಾಲ ಅದು. ಯುಗಾದಿಯ ಮುಂಚೆಯೂ ಇಂತಹುದೇ ಶುಚಿಕಾರ್ಯ ನಡೆಯುತ್ತದೆ. ಬೇಸಗೆಯಲ್ಲಿ ಹೊರಸನ್ನು ಅಂಗಳಕ್ಕೆ ಹಾಕಿ ಕುದಿನೀರು ಸುರಿದು ಬಿಸಿಲಿಗೆ ಒಡ್ಡುತ್ತಾರೆ. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಹಾಸುಗಲ್ಲಿನ ಮೇಲೆ ಹರವಿದ ಕೌದಿ ಕೈಗೆ ಸುಡುತ್ತದೆ. ಸುಮಾರು 45ರಿಂದ 50 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ತಗಣಿಯೂ ಅದರ ತತ್ತಿಯೂ ಕೆಲವೇ ಗಂಟೆಗಳೊಳಗೆ ಸಾಯುತ್ತವೆ ಎಂಬುದು ಸಿದ್ಧವಾಗಿರುವ ಸಂಗತಿ. ಆದ್ದರಿಂದ ಈ ಕ್ರಮವು ಪರಿಣಾಮಕಾರಿಯೇ. ಆದರೆ ಗೋಡೆಯ ಬಿರುಕಿನಲ್ಲಿ ಉಳಿದ ತಗಣಿ ಉಪವಾಸವಿದ್ದು ತಿಂಗಳುಗಟ್ಟಲೆ ಬದುಕಬಲ್ಲದು. ಹಾಸಿಗೆ ಶುಚಿಯಾದರೂ ಮನೆ ಶುಚಿಯಾಗದಿದ್ದರೆ ಪೀಡೆ ಮರಳುತ್ತದೆ. ಬಿರುಕಿಲ್ಲದ ಗೋಡೆ ಹಣವಿದ್ದವರಿಗೆ ಮಾತ್ರ ಸಾಧ್ಯವಾದಾಗ ತಗಣಿ ಬಡತನದ ಗುರುತಾಯಿತು. 'ಕಜ್ಜಿಯ ಮನೆ' ಎಂಬ ಮಾತು ಬೈಗುಳವಾಯಿತು. ಶುಚಿತ್ವದ ಕೊರತೆಗಿಂತ ವಸತಿಯ ಕೊರತೆಯೇ ಇದಕ್ಕೆ ಮೂಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ.

ಚಿಗಟ ಮತ್ತು ಗಂಟುಬೇನೆ

ಮನೆಹುಳುವಿನ ಕಡಿತ ತುರಿಕೆಯಲ್ಲಿಯೇ ಮುಗಿಯದೆ ಸಾವಿಗೆ ಕಾರಣವಾದ ದೊಡ್ಡ ಸಂದರ್ಭವೆಂದರೆ ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ರೋಗ ರೈಲುಮಾರ್ಗ ಮತ್ತು ವ್ಯಾಪಾರದ ದಾರಿಗಳನ್ನು ಹಿಡಿದು ದಕ್ಷಿಣಕ್ಕೆ ಹಬ್ಬಿತು. ಮುಂಬಯಿಯಿಂದ ಬಂದ ರೈಲುಮಾರ್ಗವು 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿತ್ತು. ಕಲಬುರಗಿಯು ಆ ಮಾರ್ಗದ ಮೇಲೆಯೇ ಇದೆ. 1898ರಲ್ಲಿ ಹುಬ್ಬಳ್ಳಿ, ಬೆಂಗಳೂರುಗಳು ತೀವ್ರವಾಗಿ ನರಳಿದವು. ಅದೇ ವರ್ಷ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಾಂಡ್, ಇಲಿಯಿಂದ ಮನುಷ್ಯನಿಗೆ ರೋಗವನ್ನು ಒಯ್ಯುವುದು ಚಿಗಟವೆಂದು ಪ್ರಯೋಗದಿಂದ ತೋರಿಸಿದನು. ಅವನ ಮಾತು ಒಪ್ಪಿತವಾಗಲು ವರ್ಷಗಳೇ ಬೇಕಾದವು. 1905ರ ನಂತರ ಮುಂಬಯಿಯಲ್ಲಿ ನಡೆದ ಪ್ರಯೋಗಗಳು ಅದನ್ನು ಸ್ಥಿರಪಡಿಸಿದವು.

ಚಿಗಟದ ಪಾತ್ರವನ್ನು ಅರಿಯದಿದ್ದರೂ, ಇಲಿ ಬಿದ್ದರೆ ಮನೆ ಬಿಡಬೇಕೆಂಬ ನಿಯಮವನ್ನು ಜನ ಅನುಭವದಿಂದಲೇ ಕಂಡುಕೊಂಡರು. ಊರನ್ನು ತೊರೆದು ಹೊಲದಲ್ಲಿ ಗುಡಿಸಲು ಹಾಕಿಕೊಂಡು ವಾಸಿಸುವುದು ದಖನ್ನಿನ ಹಳ್ಳಿಗಳಲ್ಲಿ ವ್ಯಾಪಕವಾಗಿ ನಡೆಯಿತು. ಮಾರಿಯನ್ನು ಶಾಂತಗೊಳಿಸಲು ಒಂದು ದಿನ ಊರನ್ನು ಬರಿದು ಮಾಡಿ ಹೊರಗೆ ಅಡಿಗೆ ಮಾಡಿ ಉಣ್ಣುವ 'ಹೊರಬೀಡು' ಆಚರಣೆ ಮೊದಲೇ ಇದ್ದುದರಿಂದ ಈ ವಲಸೆಗೆ ಸಾಂಸ್ಕೃತಿಕ ಮಾದರಿ ಸಿದ್ಧವಾಗಿತ್ತು. ಇಲಿ ಸತ್ತೊಡನೆ ಚಿಗಟ ಹಸಿದು ಮನುಷ್ಯನತ್ತ ತಿರುಗುತ್ತದೆ. ಆ ಹೊತ್ತಿಗೆ ಮನೆಯಲ್ಲಿ ಮನುಷ್ಯನಿಲ್ಲದಿದ್ದರೆ ರೋಗದ ಸರಪಳಿ ಕಡಿದುಹೋಗುತ್ತದೆ. ದೇವಿಯ ಹೆಸರಿನಲ್ಲಿ ನಡೆದ ಈ ಕ್ರಮವನ್ನು ಆ ಕಾಲದ ಬಲವಂತದ ತಪಾಸಣೆಗಳಿಗೆ ಹೋಲಿಸಿದರೆ, ಜನರ ನಡೆಯೇ ಹೆಚ್ಚು ವಿವೇಕದ್ದಾಗಿತ್ತು ಎನ್ನಬಹುದು.

ಡಿಡಿಟಿಯ ಕಾಲ

ಸ್ವಾತಂತ್ರ್ಯಾನಂತರ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಆರಂಭವಾದವು. ಮನೆಯ ಒಳಗೋಡೆಗಳಿಗೆ ಡಿಡಿಟಿ ಸಿಂಪಡಿಸಿ, ಬಾಗಿಲ ಬಳಿ ದಿನಾಂಕ ಬರೆದು ಹೋಗುತ್ತಿದ್ದ ಸಿಬ್ಬಂದಿಯ ನೆನಪು ಇಂದಿನ ಹಿರಿಯರಲ್ಲಿ ಉಳಿದಿದೆ. ಸರ್ಕಾರದ ಗುರಿ ಸೊಳ್ಳೆಯಾಗಿದ್ದರೂ ಜನರು ಆ ಔಷಧವನ್ನು ಅಳೆದದ್ದು ತಗಣಿಯಿಂದ. ಮಲೇರಿಯಾ ಇಳಿದುದು ಅಂಕಿಅಂಶಗಳಲ್ಲಿ ಕಾಣುವ ಸಂಗತಿ. ತಗಣಿ ಸತ್ತುದು ಅಂದಿನ ರಾತ್ರಿಯ ನಿದ್ದೆಯಲ್ಲಿಯೇ ತಿಳಿಯುವ ಸಂಗತಿ. ಹಾಗಾಗಿ ಆರಂಭದಲ್ಲಿ ಸಿಂಪಡಣೆಗೆ ಸ್ವಾಗತ ದೊರೆಯಿತು.

ಆದರೆ ತಗಣಿಯು ಡಿಡಿಟಿಗೆ ಬಹುಬೇಗ ನಿರೋಧಶಕ್ತಿ ಬೆಳೆಸಿಕೊಂಡಿತು. 1947ರಷ್ಟು ಹಿಂದೆಯೇ ಹವಾಯಿ ದ್ವೀಪದಲ್ಲಿ ಇದು ಕಂಡುಬಂದಿತ್ತು. ಭಾರತದಲ್ಲಿಯೂ ಕೆಲವೇ ವರ್ಷಗಳಲ್ಲಿ ಇದೇ ಅನುಭವವಾಯಿತು. ಔಷಧ ತಗುಲಿದ ತಗಣಿ ಸಾಯದೆ ಕೆರಳಿ ಬಿರುಕುಗಳಿಂದ ಹೊರಬಂದು ಹೆಚ್ಚು ಕಾಡತೊಡಗಿದಾಗ 'ಸರ್ಕಾರದ ಔಷಧದಿಂದ ತಗಣಿ ಹೆಚ್ಚಾದವು' ಎಂಬ ಮಾತು ಹುಟ್ಟಿತು. ದೇಶದ ಹಲವೆಡೆ ಜನರು ಸಿಂಪಡಣೆಯನ್ನು ನಿರಾಕರಿಸಲು ಇದೂ ಒಂದು ಕಾರಣವಾಯಿತು. ಹಬ್ಬಕ್ಕೆ ಗೋಡೆ ಸಾರಿಸಿ ಸುಣ್ಣ ಬಳಿಯುವ ಪದ್ಧತಿಯೂ ಗೋಡೆಯ ಮೇಲಿನ ಔಷಧವನ್ನು ಮುಚ್ಚಿಹಾಕುತ್ತಿತ್ತು. 1965ರ ಹೊತ್ತಿಗೆ ದೇಶದಲ್ಲಿ ಸುಮಾರು ಒಂದು ಲಕ್ಷಕ್ಕೆ ಇಳಿದಿದ್ದ ಮಲೇರಿಯಾ ಪ್ರಕರಣಗಳು 1976ರಲ್ಲಿ 64 ಲಕ್ಷವನ್ನು ದಾಟಿದವು. ಇದಕ್ಕೆ ಕಾರಣಗಳು ಹಲವು. ಆದರೂ ಜನಪದರ ಹಾಸಿಗೆಯ ಕಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಆರೋಗ್ಯ ಯೋಜನೆ ಜನರ ಸಹಕಾರವನ್ನು ಕಳೆದುಕೊಳ್ಳುತ್ತದೆ ಎಂಬ ಪಾಠ ಇಲ್ಲಿದೆ.

ದೈವ, ಕ್ಷೇತ್ರ, ಚಿಕಿತ್ಸೆ

ಚರ್ಮದ ಕಾಯಿಲೆಗಳೆಲ್ಲವೂ ಈ ಭಾಗದಲ್ಲಿ ಯಾವುದಾದರೊಂದು ಶ್ರದ್ಧಾಕೇಂದ್ರದೊಡನೆ ಸಂಬಂಧ ಪಡೆದಿವೆ. ಅಫಜಲಪುರ ತಾಲೂಕಿನ ದೇವಲ ಗಾಣಗಾಪುರವು ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಸಮೀಪದಲ್ಲಿದೆ. ಸರಸ್ವತಿ ಗಂಗಾಧರನ ಮರಾಠಿ 'ಗುರುಚರಿತ್ರೆ'ಯಲ್ಲಿ ನರಸಿಂಹ ಸರಸ್ವತಿಯವರು ಇಲ್ಲಿ ಕುಷ್ಠರೋಗಿಯೊಬ್ಬನನ್ನು ಗುಣಪಡಿಸಿದ ಪ್ರಸಂಗವಿದೆ. ತೊಡೆಯ ಮೇಲೆ ವ್ರಣವೆದ್ದಿದ್ದ ಬೀದರದ ಸುಲ್ತಾನನ ಪ್ರಸಂಗವೂ ಇದೆ. ಸಂಗಮದ ಸ್ನಾನ, ಅಲ್ಲಿಯ ಭಸ್ಮ ಇಂದಿಗೂ ಚರ್ಮದ ಬೇನೆಯುಳ್ಳವರನ್ನು ಸೆಳೆಯುತ್ತವೆ. ಆಳಂದದ ಲಾಡ್ಲೆ ಮಶಾಯಕ್ ದರ್ಗಾಕ್ಕೆ ಹಿಂದೂ ಮುಸ್ಲಿಮರಿಬ್ಬರೂ ಹರಕೆ ಹೊರುತ್ತಾರೆ. ನೆರೆಯ ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರಪಂಚಮಿಯಂದು ಕೊಂಡಮ್ಮಾಯಿಯ ಬೆಟ್ಟದಲ್ಲಿ ಚೇಳುಗಳನ್ನು ಹಿಡಿದು ಮೈಮೇಲೆ ಬಿಟ್ಟುಕೊಳ್ಳುವ ಆಚರಣೆ ಪ್ರಸಿದ್ಧ. ಕುಟುಕುವ ಜೀವಿಯನ್ನೇ ದೈವವಾಗಿಸಿ ಭಯವನ್ನು ಗೆಲ್ಲುವ ಬಗೆ ಇದಾಗಿದೆ.

ಮನೆಮದ್ದುಗಳಲ್ಲಿ ಬೇವು, ಲಕ್ಕಿ ಸೊಪ್ಪಿನ ಹೊಗೆ, ಬಜೆಯ ಪುಡಿ, ಹೇನಿಗೆ ಸೀತಾಫಲದ ಬೀಜ, ಕಜ್ಜಿಗೆ ಗಂಧಕ ಮುಖ್ಯವಾದವು. ಗಂದೆ ಎದ್ದವರಿಗೆ ಕಂಬಳಿ ಹೊದಿಸುವ, ಅದರಿಂದಲೇ ಮೈ ಉಜ್ಜುವ ರೂಢಿಯಿದೆ. ಗಂಧಕವು ತುರಿಯ ನುಸಿಗೆ ನಿಜವಾದ ಔಷಧ. ಸೀತಾಫಲದ ಬೀಜ ಹೇನನ್ನು ಕೊಲ್ಲುವುದಾದರೂ ಕಣ್ಣಿಗೆ ತಗುಲಿದರೆ ಗಾಯ ಮಾಡುತ್ತದೆ. ಕಂಬಳಿಯ ಉಜ್ಜುವಿಕೆ, ಉಗುರಿನ ತುರಿಕೆಗಳು ಚರ್ಮವನ್ನು ಒಡೆಯುತ್ತವೆ. ಒಡೆದ ಗಾದರಿಗೆ ಕೀವು ಸೇರಿದರೆ ಮಕ್ಕಳಲ್ಲಿ ಕೆಲವೊಮ್ಮೆ ಮೂತ್ರಪಿಂಡದ ಉರಿಯೂತವೂ ಉಂಟಾಗುತ್ತದೆ. ಆದ್ದರಿಂದ ಜನಪದ ಮದ್ದುಗಳನ್ನು ಸಂಗ್ರಹಿಸುವಾಗ ಅವುಗಳ ಗುಣದೋಷಗಳೆರಡನ್ನೂ ದಾಖಲಿಸುವುದು ಸಂಶೋಧಕನ ಹೊಣೆ.

'ಹುಳ' ಎಂಬ ಒಂದೇ ಪದ

ಈ ಭಾಗದಲ್ಲಿ ಹಾವು ಕಚ್ಚಿತೆಂದು ನೇರವಾಗಿ ಹೇಳುವುದಿಲ್ಲ. 'ಹುಳ ಮುಟ್ಟೇದ' ಎನ್ನುತ್ತಾರೆ. ಹೆಸರು ಹೇಳಿದರೆ ಬಂದೀತೆಂಬ ಭಯ ಈ ಮಾತಿನ ಹಿಂದಿದೆ. ಇದರಿಂದಾಗಿ ತಗಣಿಯಿಂದ ಸರ್ಪದವರೆಗೆ ಎಲ್ಲವೂ 'ಹುಳ'ವೇ ಆಗುತ್ತದೆ. ಬೆಳಗ್ಗೆ ಎದ್ದಾಗ ಮೈಮೇಲೆ ಸಣ್ಣ ಗುರುತೊಂದು ಕಂಡರೆ ಅದೂ ಹುಳ ಮುಟ್ಟಿದ ಗುರುತೇ. ಈ ಪದದ ವಿಸ್ತಾರದಲ್ಲಿ ಒಂದು ಅಪಾಯವಿದೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದೇ ಹೆಚ್ಚು. ಅದರ ಕಡಿತ ನೋಯುವುದಿಲ್ಲ, ಊತವೂ ಅಷ್ಟಾಗಿ ಇರುವುದಿಲ್ಲ. ತುರಿಕೆಯಿಲ್ಲದ ಗುರುತು, ಹೊಟ್ಟೆನೋವು, ರೆಪ್ಪೆ ಜೋಲುವುದು, ನಾಲಗೆ ತೊದಲುವುದು ಕಂಡರೆ ಅದು ತಗಣಿಯ ಕಡಿತವಲ್ಲ. ಆಗ ಮಂತ್ರಕ್ಕೆ ಕಾಯದೆ ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕು. ಮಕ್ಕಳನ್ನು ನೆಲದ ಮೇಲೆ ಮಲಗಿಸದೆ ಹೊರಸಿನ ಮೇಲೆ ಮಲಗಿಸಬೇಕೆಂಬ ಹಿರಿಯರ ಮಾತಿಗೆ ಈ ಹಿನ್ನೆಲೆಯಲ್ಲಿ ದೊಡ್ಡ ಅರ್ಥವಿದೆ.

ಇನ್ನೊಂದು ತಪ್ಪುಗ್ರಹಿಕೆ ಕುಷ್ಠಕ್ಕೆ ಸಂಬಂಧಿಸಿದ್ದು. ಗಂದೆ ಕಜ್ಜಿಗಳ ಕಲೆಯನ್ನು ಕುಷ್ಠವೆಂದು ಭಾವಿಸಿ ದೂರವಿಟ್ಟುದೂ ಉಂಟು. ನಿಜವಾದ ಕುಷ್ಠದ ಮಚ್ಚೆಯನ್ನು ಹುಳದ ಕಲೆಯೆಂದು ಅಲಕ್ಷಿಸಿದ್ದೂ ಉಂಟು. ಹುಳದ ಕಡಿತ ತುರಿಸುತ್ತದೆ. ಕುಷ್ಠದ ಮಚ್ಚೆ ಸಾಮಾನ್ಯವಾಗಿ ತುರಿಸುವುದಿಲ್ಲ, ಅಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ. ಬಹುಔಷಧ ಚಿಕಿತ್ಸೆಯಿಂದ ಕುಷ್ಠ ಪೂರ್ಣ ಗುಣವಾಗುವ ರೋಗ. ರೋಗಿಗಳನ್ನು ಬೇರ್ಪಡಿಸಲು 1898ರಲ್ಲಿ ಬ್ರಿಟಿಷರು ಮಾಡಿದ ಕಾಯಿದೆ 2016ರಲ್ಲಷ್ಟೇ ರದ್ದಾಯಿತು. ಕಾಯಿದೆ ಹೋದರೂ ಮಾತಿನಲ್ಲಿ ಉಳಿದ ಕಳಂಕ ಇನ್ನೂ ಹೋಗಿಲ್ಲ.

ಇಂದಿನ ಸ್ಥಿತಿ

1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಆಳಂದಕ್ಕೆ ಹೊಂದಿಕೊಂಡ ಉಮರ್ಗಾ ತಾಲೂಕಿನ ಹಲವು ಹಳ್ಳಿಗಳನ್ನು ನೆಲಸಮ ಮಾಡಿದ ಮೇಲೆ ಕಲ್ಲುಮಣ್ಣಿನ ಮಾಳಿಗೆಯ ಬಗ್ಗೆ ಗಡಿಭಾಗದ ಜನರಲ್ಲಿ ಭಯ ಹುಟ್ಟಿತು. ತಗಡಿನ ಚಪ್ಪರ, ಸಿಮೆಂಟಿನ ಗೋಡೆಗಳು ಹೆಚ್ಚಿದವು. ಬಿರುಕು ಕಡಿಮೆಯಾದಂತೆ ತಗಣಿಯೂ ಕಡಿಮೆಯಾಯಿತು. ಆದರೆ ಮಳೆ ನಂಬಿ ಬದುಕುವ ಈ ತಾಲೂಕುಗಳಿಂದ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಗುಳೆ ಹೋಗುವವರು ಕಟ್ಟಡದ ನಿವೇಶನಗಳ ಶೆಡ್ಡುಗಳಲ್ಲಿ ಮಲಗುತ್ತಾರೆ. ಮರಳುವಾಗ ಗಂಟುಮೂಟೆಯಲ್ಲಿ ತಗಣಿಯೂ ಬರುತ್ತದೆ. ಇತ್ತೀಚಿನ ಕೀಟನಾಶಕಗಳಿಗೂ ಅದು ಬಗ್ಗದಾಗಿದೆ. ಜಗತ್ತಿನ ದೊಡ್ಡ ನಗರಗಳ ಹೋಟೆಲುಗಳಲ್ಲಿಯೂ ಅದು ಮರಳಿ ಕಾಣಿಸಿಕೊಂಡಿದೆ. 2020ರ ಅಕ್ಟೋಬರಿನ ಭೀಮಾ ಪ್ರವಾಹದಲ್ಲಿ ಅಫಜಲಪುರ, ಜೇವರ್ಗಿಗಳ ನದೀತೀರದ ಜನ ಹಾಸಿಗೆ ಸಮೇತ ಮನೆ ಕಳೆದುಕೊಂಡು ಕಾಳಜಿ ಕೇಂದ್ರಗಳಲ್ಲಿ ಒತ್ತಾಗಿ ಮಲಗಬೇಕಾಯಿತು. ಇಂತಹ ಇಕ್ಕಟ್ಟಿನಲ್ಲಿಯೇ ತುರಿ ಹರಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ತುರಿಯನ್ನು ಅಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿದ್ದು ಈ ದೃಷ್ಟಿಯಿಂದ ಮಹತ್ವದ್ದಾಗಿದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಮನೆಹುಳುಗಳನ್ನೂ ಅವುಗಳ ಕಡಿತದ ಗುರುತುಗಳನ್ನೂ ಜನಪದರು ಸೂಕ್ಷ್ಮವಾಗಿ ವಿಂಗಡಿಸಿದ್ದಾರೆ. ಆ ಪದಸಂಪತ್ತು ಮರೆಯಾಗುವ ಮೊದಲೇ ಮೂರು ಭಾಷೆಗಳಲ್ಲಿಯೂ ಸಂಗ್ರಹವಾಗಬೇಕು. ಎರಡು, ಹಬ್ಬ ಆಚರಣೆಗಳೊಳಗೆ ಅಡಗಿದ ಶುಚಿಕ್ರಮ ಮತ್ತು ಹೊರಬೀಡುಗಳು ಅನುಭವಜನ್ಯ ಆರೋಗ್ಯ ವಿವೇಕವಾಗಿವೆ. ಮೂರು, ಅದೇ ಪರಂಪರೆಯ ಕೆಲವು ಮಾತುಗಳು, ಮದ್ದುಗಳು ಅಪಾಯಕ್ಕೂ ಎಡೆಮಾಡುತ್ತವೆ. ಅವನ್ನು ಗೌರವದ ನೆಪದಲ್ಲಿ ಮುಚ್ಚಿಡುವುದು ಸಲ್ಲದು. ನಾಲ್ಕು, ತಗಣಿ ಕಜ್ಜಿಗಳು ವ್ಯಕ್ತಿಯ ಕೊಳಕುತನದ ಗುರುತಾಗಿರದೆ ಆತನ ಮನೆಯ, ದುಡಿಮೆಯ, ವಲಸೆಯ ಗುರುತಾಗಿವೆ. ಮಗುವಿನ ಮೈಮೇಲಿನ ಗಾದರಿಯನ್ನು ತಾಯಿ ಸೆರಗಿನಿಂದ ಮುಚ್ಚದೆ ವೈದ್ಯರ ಮುಂದೆ ನಿಸ್ಸಂಕೋಚವಾಗಿ ತೋರಿಸುವಂತಾದರೆ, ಈ ಬಗೆಯ ಅಧ್ಯಯನಕ್ಕೆ ಸಾರ್ಥಕ್ಯ ದೊರೆತಂತಾಗುತ್ತದೆ.